ಅಕ್ಷರ ಒಲಿಯದ ಜಾಣರು

೭೪೯ನ್ನು ೮೬೭ರಿಂದ ಗುಣಿಸಿದರೆ ೬,೪೯,೩೮೩ ಬರುತ್ತದೆ. ಕಾಗದ ಪೆನ್ಸಿಲು ಕೈಯಲ್ಲಿದ್ದರೂ ನಮ್ಮಲ್ಲಿ ಎಷ್ಟೋ ಮಂದಿ ಈ ಲೆಕ್ಕವನ್ನು ಒಂದೇ ಸಲಕ್ಕೆ ಸರಿಯಾಗಿ ಮಾಡುವುದು ಸಂದೇಹ. ೧೮೯೬ರಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯರಾದ ಪ್ರಿಂಗಲ್ ಮಾರ್ಗನ್ ಎಂಬವರು ಹದಿನಾಲ್ಕು ವರ್ಷದ ಬಾಲಕನೊಬ್ಬನನ್ನು ಪರೀಕ್ಷಿಸುತ್ತ ಈ ಲೆಕ್ಕವನ್ನು ಕೊಟ್ಟರು. ಬಾಲಕನು ಬೇಗನೆ ಗುಣಿಸಿ ಸರಿಯಾದ ಉತ್ತರವನ್ನು ಹೇಳಿದನು. ಆದರೆ ಅದೇ ಬಾಲಕನಿಗೆ ತನ್ನ ಹೆಸರನ್ನು ಬರೆಯಲು ಬರುತ್ತಿರಲಿಲ್ಲ. ‘ಪರ್ಸಿ’ ಎಂದು ಬರೆಯಬೇಕಾದಲ್ಲಿ ಎರಡು ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಪ್ರೆಸಿ’ ಎಂದು ಬರೆದನು. ತಪ್ಪನ್ನು ಒಂದಕ್ಕಿಂತ ಹೆಚ್ಚು ಸಲ ತೋರಿಸಿದ ಮೇಲೆಯೇ ಅದು ಅವನ ಗಮನಕ್ಕೆ ಬಂದಿತು. ಏಳನೆಯ ವಯಸ್ಸಿನಿಂದ ಅವನು ಶಾಲೆಯಲ್ಲಿಯೂ ಮನೆಪಾಠದಲ್ಲಿಯೂ ಕಲಿಯುತ್ತಲೇ ಇದ್ದನು. ಪಾಠವೆಲ್ಲವೂ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಯಲ್ಲಿ ಇವನಷ್ಟು ಚುರುಕಾದ ಹುಡುಗನೇ ಇಲ್ಲವೆಂದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು.

ಮಾರ್ಗನ್ ಅವರು ಈ ಸ್ಥಿತಿಯನ್ನು ಜನ್ಮಜಾತವಾದ ‘ಪದಾಂಧತೆ’ ಎಂದು ಕರೆದು ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದರು. ಇಂದು ನಾವು ಇದನ್ನು ಡಿಸ್ಲೆಕ್ಸಿಯ ಎನ್ನುತ್ತೇವೆ. ಈ ಶಬ್ದವನ್ನು ಇದಕ್ಕೆ ಮೊದಲೇ ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ ಎಂಬವರು ಬಳಕೆಗೆ ತಂದಿದ್ದರು. ಆದರೆ ಅವರ ರೋಗಿಗಳು ಮೆದುಳಿಗೆ ಪೆಟ್ಟಾಗಿ ಓದುವ ಶಕ್ತಿಯನ್ನು ಕಳೆದುಕೊಂಡ ವಯಸ್ಕರು. ಪರ್ಸಿಯ ಮೆದುಳಿಗಾದರೋ ಯಾವ ಪೆಟ್ಟೂ ಆಗಿರಲಿಲ್ಲ. ಅವನ ಕಣ್ಣು ಚೆನ್ನಾಗಿತ್ತು, ಬುದ್ಧಿ ಚೆನ್ನಾಗಿತ್ತು. ಹಾಗಾದರೆ ಕೊರತೆ ಎಲ್ಲಿತ್ತು? ಅಂಥ ಮಗುವಿಗೆ ಶಾಲೆಯು ಏನು ಮಾಡಬಲ್ಲುದು? ಈ ಎರಡು ಪ್ರಶ್ನೆಗಳಿಗೆ ದೊರೆತಿರುವ ಉತ್ತರಗಳನ್ನು ಇಲ್ಲಿ ವಿಚಾರಿಸೋಣ.

ಓದು ಎಂಬ ಕೃತಕ ವಿದ್ಯೆ

ಮಾತು ಮನುಷ್ಯನಿಗೆ ಸಹಜ. ಮನೆಯವರು ಆಡುವುದನ್ನು ಕೇಳುತ್ತ ಮಗು ತಾನಾಗಿ ಮಾತು ಕಲಿಯುತ್ತದೆ. ಬರಹವು ಹಾಗಲ್ಲ. ಮಾನವಕುಲದ ದೀರ್ಘ ಇತಿಹಾಸದಲ್ಲಿ ಬರಹ ಹುಟ್ಟಿ ಸುಮಾರು ಐದು ಸಾವಿರ ವರ್ಷಗಳಾಗಿವೆ, ಅಷ್ಟೆ. ಓದುವುದಕ್ಕೆಂದೇ ಮೀಸಲಾದ ಅಂಗ ನಮ್ಮ ಮೆದುಳಿನಲ್ಲಿ ಹುಟ್ಟಿನಿಂದ ಇಲ್ಲ. ನೋಡುವುದಕ್ಕೂ ಕೇಳುವುದಕ್ಕೂ ಮಾತನಾಡುವುದಕ್ಕೂ ಏರ್ಪಟ್ಟ ಭಾಗಗಳನ್ನು ಅಭ್ಯಾಸದಿಂದ ಒಂದಕ್ಕೊಂದು ಬೆಸೆದು ಪ್ರತಿಯೊಂದು ಮಗುವೂ ಈ ವಿದ್ಯೆಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕು.

ಈ ಬೆಸುಗೆಯಲ್ಲಿ ಎರಡು ಕೆಲಸಗಳಿವೆ. ಎಡೆಬಿಡದೆ ಹರಿಯುವ ಮಾತನ್ನು ಚಿಕ್ಕ ಚಿಕ್ಕ ಧ್ವನಿಗಳಾಗಿ ಬಿಡಿಸಿಕೊಳ್ಳುವುದು ಒಂದು. ಪ್ರತಿಯೊಂದು ಧ್ವನಿಗೂ ಅದರ ಗುರುತನ್ನು ಯೋಚಿಸದೆಯೇ ನೆನಪಿಗೆ ಬರುವಷ್ಟು ಗಟ್ಟಿಯಾಗಿ ಕಟ್ಟುವುದು ಇನ್ನೊಂದು. ಓದು ಬಲ್ಲವರಿಗೆ ಇವೆರಡೂ ಎಷ್ಟು ಸುಲಭವೆಂದರೆ ಇಂಥ ಕೆಲಸಗಳು ನಡೆಯುತ್ತಿವೆಯೆಂಬುದೇ ತಿಳಿಯುವುದಿಲ್ಲ. ಡಿಸ್ಲೆಕ್ಸಿಯವುಳ್ಳ ಮಗುವು ಎಡವುವುದು ಇಲ್ಲಿಯೇ. ಲೆಕ್ಕ, ತರ್ಕ, ಚಿತ್ರ, ಸಂಗೀತ, ಯಂತ್ರಗಳ ತಿಳಿವಳಿಕೆ ಇವೆಲ್ಲವೂ ಸರಿಯಾಗಿದ್ದು, ಈ ಒಂದು ಬೆಸುಗೆ ಮಾತ್ರ ಸಡಿಲವಾಗಿರಬಹುದು.

ನ್ಯೂಯಾರ್ಕಿನ ಒಂದು ಶಾಲೆ

ಫೆಲಿಕ್ಸ್ ಆಡ್ಲರ್ ಎಂಬ ಚಿಂತಕರು ೧೮೭೮ರಲ್ಲಿ ನ್ಯೂಯಾರ್ಕಿನ ಬಡ ಮಕ್ಕಳಿಗಾಗಿ ಉಚಿತವಾದ ಶಿಶುವಿಹಾರವೊಂದನ್ನು ತೆರೆದರು. ಎರಡು ವರ್ಷಗಳ ತರುವಾಯ ಅದು ಕಾರ್ಮಿಕರ ಮಕ್ಕಳ ಶಾಲೆಯಾಗಿ ಬೆಳೆಯಿತು. ಮುಂದೆ ‘ಎಥಿಕಲ್ ಕಲ್ಚರ್ ಶಾಲೆ’ ಎಂದು ಹೆಸರಾಯಿತು. ಬಾಯಿಪಾಠಕ್ಕಿಂತ ಕೈಕೆಲಸವೂ ಪ್ರಯೋಗವೂ ಮೇಲು, ಮಗುವಿನ ಆಸಕ್ತಿಯನ್ನು ಅನುಸರಿಸಿ ಪಾಠ ನಡೆಯಬೇಕು ಎಂಬ ಪ್ರಗತಿಪರ ಶಿಕ್ಷಣ ತತ್ತ್ವಕ್ಕೆ ಅದು ಮೇಲ್ಪಂಕ್ತಿಯಾಗಿತ್ತು. ಮುಂದೆ ಭೌತವಿಜ್ಞಾನಿಯೆಂದು ಜಗತ್ಪ್ರಸಿದ್ಧರಾದ ರಾಬರ್ಟ್ ಒಪೆನ್‌ಹೈಮರ್ ಅವರು ೧೯೧೧ರಿಂದ ೧೯೨೧ರ ವರೆಗೆ ಓದಿದ್ದು ಈ ಶಾಲೆಯಲ್ಲಿಯೇ.

ಇಂಥ ಒಳ್ಳೆಯ ಶಾಲೆಯಲ್ಲಿಯೂ ಕೆಲವು ಮಕ್ಕಳು ಓದು ಕಲಿಯದೆ ಉಳಿದರು. ಅವರನ್ನು ಅಲ್ಲಿ ಯಾರೂ ಹೊಡೆಯುತ್ತಿರಲಿಲ್ಲ. ತರಗತಿಯಲ್ಲಿ ಆಸಕ್ತಿ ಹುಟ್ಟಿಸುವ ಪುಸ್ತಕಗಳಿದ್ದವು. ಮನೆಯಲ್ಲಿ ವಿದ್ಯೆಗೆ ಪ್ರೋತ್ಸಾಹವಿತ್ತು. ಆದುದರಿಂದ ಉದಾಸೀನ, ಭಯ, ಬಡತನ ಎಂಬ ಎಂದಿನ ಕಾರಣಗಳನ್ನು ಇಲ್ಲಿ ಹೇಳುವಂತಿರಲಿಲ್ಲ. ಶಾಲೆಯ ಮನಶ್ಶಾಸ್ತ್ರಜ್ಞೆಯಾಗಿದ್ದ ಆನಾ ಗಿಲ್ಲಿಂಗ್‌ಹ್ಯಾಮ್ ಅವರ ಗಮನವನ್ನು ಸೆಳೆದವರು ಈ ಮಕ್ಕಳೇ.

ಆ ಕಾಲದಲ್ಲಿ ಹೊಸ ಮಾದರಿಯ ಶಿಕ್ಷಕರು ಹಲವರು ಅಕ್ಷರಗಳನ್ನು ಬಿಡಿಬಿಡಿಯಾಗಿ ಕಲಿಸುವುದನ್ನು ನೀರಸವೆಂದು ಬಿಟ್ಟಿದ್ದರು. ಇಡೀ ಪದವನ್ನು ಚಿತ್ರದಂತೆ ತೋರಿಸಿ ಗುರುತಿಸುವಂತೆ ಮಾಡುವುದೇ ರೂಢಿಯಾಗುತ್ತಿತ್ತು. ಬಹುಮಂದಿ ಮಕ್ಕಳು ಈ ಬಗೆಯಲ್ಲಿಯೂ ಅಕ್ಷರ-ಧ್ವನಿಗಳ ನಂಟನ್ನು ತಾವಾಗಿ ಊಹಿಸಿಕೊಂಡು ಮುಂದೆ ಹೋಗುತ್ತಿದ್ದರು. ಊಹಿಸಿಕೊಳ್ಳಲಾರದ ಕೆಲವರು ಹಿಂದೆ ಬೀಳುತ್ತಿದ್ದರು. ಮೆದುಳಿನ ತಜ್ಞರಾದ ಸ್ಯಾಮ್ಯುಯೆಲ್ ಆರ್ಟನ್ ಎಂಬವರು ಅಯೋವ ಪ್ರಾಂತದಲ್ಲಿ ಅಂಥ ಮಕ್ಕಳನ್ನು ಪರೀಕ್ಷಿಸಿ ೧೯೨೫ರಲ್ಲಿ ತಮ್ಮ ಮೊದಲ ಲೇಖನವನ್ನು ಬರೆದಿದ್ದರು. ಇಡೀ ಪದದ ಬೋಧನೆಯು ಈ ಮಕ್ಕಳಿಗೆ ಹಾನಿಕರವಾಗಬಹುದೆಂದು ೧೯೨೯ರಲ್ಲಿ ಎಚ್ಚರಿಸಿದರು. ೧೯೩೦ರ ದಶಕದ ಆರಂಭದಲ್ಲಿ ಗಿಲ್ಲಿಂಗ್‌ಹ್ಯಾಮ್ ಅವರು ನ್ಯೂಯಾರ್ಕಿನಲ್ಲಿ ಆರ್ಟನ್ ಅವರೊಡನೆ ಕೆಲಸ ಮಾಡಿದರು. ಅದೇ ಶಾಲೆಯ ಅಧ್ಯಾಪಿಕೆ ಬೆಸ್ಸಿ ಸ್ಟಿಲ್‌ಮನ್ ಅವರೂ ಜೊತೆಗೂಡಿ ಒಂದು ಬೋಧನಕ್ರಮವನ್ನು ರೂಪಿಸಿದರು. ಇಂದಿಗೂ ಅದು ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಕ್ರಮವೆಂದು ಪ್ರಸಿದ್ಧವಾಗಿದೆ.

ಮೆಟ್ಟಿಲು ಮೆಟ್ಟಿಲಾಗಿ

ಈ ಕ್ರಮದ ಸಾರಾಂಶ ಸರಳವಾದುದು. ಉಳಿದ ಮಕ್ಕಳು ಊಹೆಯಿಂದ ದಾಟುವ ಜಾಗದಲ್ಲಿ ಈ ಮಗುವಿಗೆ ಒಂದೊಂದು ಮೆಟ್ಟಿಲನ್ನೂ ಕಟ್ಟಿಕೊಡಬೇಕು. ಒಂದು ಅಕ್ಷರದ ಚೀಟಿಯನ್ನು ತೋರಿಸುತ್ತಾರೆ. ಮಗುವು ಅದನ್ನು ನೋಡುತ್ತದೆ, ಅದರ ಧ್ವನಿಯನ್ನು ಉಚ್ಚರಿಸುತ್ತದೆ, ತನ್ನ ಉಚ್ಚಾರಣೆಯನ್ನು ತಾನೇ ಕೇಳುತ್ತದೆ, ಉಚ್ಚರಿಸುತ್ತಲೇ ಅಕ್ಷರವನ್ನು ಕೈಯಿಂದ ತಿದ್ದುತ್ತದೆ. ಕಣ್ಣು, ಕಿವಿ, ನಾಲಗೆ, ಕೈ ಇವೆಲ್ಲವೂ ಒಂದೇ ಕ್ಷಣದಲ್ಲಿ ಒಂದೇ ಕೆಲಸಕ್ಕೆ ಕೂಡುತ್ತವೆ. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸುವುದಿಲ್ಲ. ಮೊದಲನೆಯದು ನೆಲೆನಿಂತ ಮೇಲೆಯೇ ಎರಡನೆಯದರ ಸರದಿ. ಕೆಲವು ಅಕ್ಷರಗಳು ಕೈಗೂಡಿದೊಡನೆ ಅವುಗಳಿಂದಲೇ ಪದಗಳನ್ನು ಕೂಡಿಸಿ ಓದಿಸುತ್ತಾರೆ. ಕಲಿಯದ ಅಕ್ಷರವಿರುವ ಪದವನ್ನು ಊಹಿಸಿ ಓದಲು ಎಂದೂ ಹೇಳುವುದಿಲ್ಲ.

ಇದಕ್ಕಿಂತಲೂ ಮುಖ್ಯವೆಂದು ನಮಗೆ ತೋರುವ ಇನ್ನೆರಡು ನಿಯಮಗಳಿವೆ. ಮಗುವಿಗೆ ತನ್ನ ತೊಡಕನ್ನು ಮರೆಮಾಚದೆ ತಿಳಿಸಬೇಕೆಂಬುದು ಒಂದು. ಮನುಷ್ಯನು ಚಿತ್ರಗಳಿಂದ ಅಕ್ಷರಗಳಿಗೆ ಹೇಗೆ ಬಂದನೆಂಬ ಕತೆಯನ್ನು ಹೇಳಿ, ಇದು ಕಷ್ಟದ ವಿದ್ಯೆಯೆಂದೂ, ಅನೇಕ ಬುದ್ಧಿವಂತರು ಇದರಲ್ಲಿ ಎಡವಿದ್ದಾರೆಂದೂ, ತಪ್ಪು ಮಗುವಿನದಲ್ಲವೆಂದೂ ಮನವರಿಕೆ ಮಾಡಿಕೊಡುತ್ತಾರೆ. ವರ್ಷಗಟ್ಟಲೆ ‘ನಾನು ದಡ್ಡ’ ಎಂದು ನಂಬಿದ್ದ ಮಗುವಿಗೆ ಈ ಮಾತೇ ಮೊದಲ ಔಷಧ. ಓದು ಕೈಗೂಡುವ ತನಕ ಚರಿತ್ರೆ, ವಿಜ್ಞಾನ ಮೊದಲಾದ ಪಾಠಗಳನ್ನು ಬೇರೆಯವರು ಓದಿ ಹೇಳಬೇಕೆಂಬುದು ಇನ್ನೊಂದು ನಿಯಮ. ಓದಲಾರದ ಮಗು ತಿಳಿಯಲಾರದ ಮಗುವಲ್ಲ. ಓದಿನ ಅಭ್ಯಾಸವು ಅದರಷ್ಟಕ್ಕೆ ನಿಧಾನವಾಗಿ ನಡೆಯಲಿ; ಅಷ್ಟರಲ್ಲಿ ತಿಳಿವಳಿಕೆಯ ಬಾಗಿಲು ಮುಚ್ಚಿಹೋಗಬಾರದು.

ಪ್ರಗತಿಪರ ಶಿಕ್ಷಣಕ್ಕೆ ಇದರಿಂದ ದೊರೆತ ಪಾಠವನ್ನು ಗಮನಿಸಬೇಕು. ಮಗುವಿಗೆ ಸ್ವಾತಂತ್ರ್ಯವನ್ನೂ ಪ್ರೀತಿಯನ್ನೂ ಕೊಟ್ಟರೆ ಎಲ್ಲವೂ ತಾನಾಗಿ ಬರುತ್ತದೆಂಬ ನಂಬಿಕೆ ಪೂರ್ಣವಾಗಿ ನಿಜವಲ್ಲ. ಕ್ರಮಬದ್ಧವಾದ ಅಭ್ಯಾಸವು ಸ್ವಾತಂತ್ರ್ಯಕ್ಕೆ ವಿರೋಧಿಯೂ ಅಲ್ಲ. ಮಗು ಎಡವುವ ಮೆಟ್ಟಿಲು ಯಾವುದೆಂದು ಹುಡುಕಿ ಅಲ್ಲಿ ಕೈಹಿಡಿಯುವುದೇ ಮಗುವಿಗೆ ನಾವು ತೋರುವ ನಿಜವಾದ ಗೌರವ.

ಕಣ್ಣಿನ ತಪ್ಪೋ, ಕಿವಿಯ ತಪ್ಪೋ?

ಬೋಧನಕ್ರಮ ಒಳ್ಳೆಯದಾದ ಮಾತ್ರಕ್ಕೆ ಅದರ ಹಿಂದಿನ ಸಿದ್ಧಾಂತವೂ ಸರಿಯಾಗಿರಬೇಕೆಂದಿಲ್ಲ. ಓದಲಾರದ ಮಕ್ಕಳು ಇಂಗ್ಲಿಷಿನ ‘ಬಿ’ ‘ಡಿ’ ಎಂಬ ಸಣ್ಣಕ್ಷರಗಳನ್ನು ಅದಲುಬದಲು ಮಾಡುವುದನ್ನು ಆರ್ಟನ್ ಅವರು ಕಂಡಿದ್ದರು. ಮೆದುಳಿನ ಎಡಬಲ ಭಾಗಗಳಲ್ಲಿ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಚಿತ್ರಗಳು ಮೂಡುತ್ತವೆ, ಒಂದು ಭಾಗವು ಮೇಲುಗೈ ಪಡೆಯದಿದ್ದಾಗ ಎರಡು ಚಿತ್ರಗಳೂ ಬೆರೆತು ಗೊಂದಲವಾಗುತ್ತದೆ ಎಂಬುದು ಅವರ ಊಹೆ. ಊಹೆಯೇನೋ ಸೊಗಸಾಗಿತ್ತು. ಆದರೆ ಪರೀಕ್ಷೆಗೆ ನಿಲ್ಲಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರ್ಯಾಂಕ್ ವೆಲ್ಲುಟಿನೊ ಅವರು ೧೯೭೦ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಇಲ್ಲಿ ಬಹು ಸ್ವಾರಸ್ಯವಾದವು. ಓದು ಬಲ್ಲ ಮಕ್ಕಳಿಗೂ ಓದಲಾರದ ಮಕ್ಕಳಿಗೂ ಅವರು ಹೀಬ್ರೂ ಲಿಪಿಯ ಅಕ್ಷರಗಳನ್ನು ಸ್ವಲ್ಪ ಹೊತ್ತು ತೋರಿಸಿ, ನೆನಪಿನಿಂದ ಬರೆಯಲು ಹೇಳಿದರು. ಎರಡು ಗುಂಪಿನವರಿಗೂ ಹೀಬ್ರೂ ಹೊಸದು. ಕಣ್ಣು ಅಕ್ಷರಗಳನ್ನು ತಿರುಚಿ ಕಾಣುವುದೇ ನಿಜವಾಗಿದ್ದರೆ ಎರಡನೆಯ ಗುಂಪಿನವರು ಇಲ್ಲಿಯೂ ಸೋಲಬೇಕಾಗಿತ್ತು. ಅವರು ಸೋಲಲಿಲ್ಲ, ಎರಡು ಗುಂಪುಗಳೂ ಸಮಸಮನಾಗಿ ಬರೆದವು. ‘ವಾಸ್’ ಎಂಬ ಇಂಗ್ಲಿಷ್ ಪದದ ಮೂರಕ್ಷರಗಳನ್ನು ಹಿಂದಿನಿಂದ ಓದಿದರೆ ‘ಸಾ’ ಎಂಬ ಬೇರೊಂದು ಪದವಾಗುತ್ತದೆ. ಇಂಥ ಪದಗಳನ್ನು ಓದುವಾಗ ಹಿಂದುಮುಂದು ಮಾಡುತ್ತಿದ್ದ ಮಕ್ಕಳೇ ಅವುಗಳನ್ನು ನೋಡಿ ಬರೆಯುವಾಗ ಅಕ್ಷರಗಳನ್ನು ಸರಿಯಾದ ಕ್ರಮದಲ್ಲಿಯೇ ಬರೆದರು. ಕಣ್ಣು ಕಂಡದ್ದು ಸರಿಯಾಗಿಯೇ ಇತ್ತು, ಕಂಡದ್ದಕ್ಕೆ ಧ್ವನಿಯನ್ನು ಹೊಂದಿಸುವಲ್ಲಿ ತಪ್ಪುತ್ತಿತ್ತು ಎಂದು ಇದರಿಂದ ತಿಳಿಯುತ್ತದೆ.

ಕನ್ನಡಿಯಕ್ಷರದ ವಿಷಯವಾಗಿ ಒಂದು ಮಾತು. ಎಡಕ್ಕೆ ಮುಖ ಮಾಡಿದ ಹಸುವೂ ಹಸುವೇ, ಬಲಕ್ಕೆ ಮುಖ ಮಾಡಿದ ಹಸುವೂ ಹಸುವೇ. ಲೋಕದ ವಸ್ತುಗಳನ್ನು ಎಡಬಲದ ಭೇದವಿಲ್ಲದೆ ಗುರುತಿಸುವುದೇ ಮೆದುಳಿನ ಸಹಜ ಗುಣ. ಅಕ್ಷರಗಳಲ್ಲಿ ಮಾತ್ರ ಈ ಗುಣವನ್ನು ಬಿಡಬೇಕಾಗುತ್ತದೆ. ಆದುದರಿಂದ ಐದಾರು ವರ್ಷದ ಮಗು ಅಕ್ಷರವನ್ನು ತಿರುಗಿಸಿ ಬರೆದರೆ ತಾಯಿತಂದೆಗಳು ಗಾಬರಿಪಡಬೇಕಾಗಿಲ್ಲ; ಅದೊಂದೇ ಡಿಸ್ಲೆಕ್ಸಿಯದ ಲಕ್ಷಣವಲ್ಲ.

ಗಿಲ್ಲಿಂಗ್‌ಹ್ಯಾಮ್ ಅವರ ಕ್ರಮವನ್ನೂ ವಿಜ್ಞಾನವು ಒರೆಗೆ ಹಚ್ಚದೆ ಬಿಟ್ಟಿಲ್ಲ. ಅಕ್ಷರ-ಧ್ವನಿಗಳ ನಂಟನ್ನು ಕ್ರಮವಾಗಿ, ಬಿಡಿಸಿ ಕಲಿಸುವುದು ಫಲಕಾರಿಯೆಂದು ಅಮೆರಿಕದ ರಾಷ್ಟ್ರೀಯ ತಜ್ಞ ಸಮಿತಿಯು ೨೦೦೦ದಲ್ಲಿ ನಿರ್ಣಯಿಸಿತು. ಆದರೆ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಎಂಬ ಹೆಸರಿನ ಪಾಠಕ್ರಮಗಳು ಉಳಿದ ಬೋಧನೆಗಿಂತ ನಿಶ್ಚಯವಾಗಿ ಮೇಲೆಂದು ಹೇಳುವಷ್ಟು ಆಧಾರ ಸಾಲದೆಂದು ೨೦೨೧ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತೋರಿಸಿತು. ಹೆಸರಿನಲ್ಲಿ ಮಂತ್ರಶಕ್ತಿಯಿಲ್ಲ, ಕ್ರಮಬದ್ಧತೆಯಲ್ಲಿ ಗುಣವಿದೆ ಎಂದು ನಾವು ತಿಳಿಯಬಹುದು.

ಲಿಪಿ ಬೇರೆಯಾದರೆ

ಇಂಗ್ಲಿಷಿನ ಕಾಗುಣಿತ ಅಸ್ತವ್ಯಸ್ತವಾದುದು, ಬರೆದಂತೆ ಓದುವ ಭಾಷೆಗಳಲ್ಲಿ ಈ ತೊಡಕೇ ಇರಲಾರದು ಎಂದು ವಾಚಕರು ಕೇಳಬಹುದು. ೨೦೦೧ರಲ್ಲಿ ಪಾವ್ಲೆಸು ಮತ್ತು ಅವರ ಸಂಗಡಿಗರು ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಭಾಷೆಗಳ ಡಿಸ್ಲೆಕ್ಸಿಯವುಳ್ಳ ವಯಸ್ಕರನ್ನು ಪರೀಕ್ಷಿಸಿದರು. ಬರಹವೂ ಉಚ್ಚಾರಣೆಯೂ ಬಹುಮಟ್ಟಿಗೆ ಹೊಂದುವ ಇಟಾಲಿಯನ್ನರ ಓದು ಉಳಿದಿಬ್ಬರದಕ್ಕಿಂತ ಮೇಲಾಗಿತ್ತು. ಆದರೆ ಓದುವಾಗ ಮೆದುಳಿನ ಎಡಭಾಗದ ಒಂದು ಪ್ರದೇಶದಲ್ಲಿ ಚಟುವಟಿಕೆ ಕಡಿಮೆಯಾಗಿದ್ದುದು ಮೂವರಲ್ಲಿಯೂ ಒಂದೇ ತೆರನಾಗಿ ಕಂಡುಬಂದಿತು. ಮೂಲ ಒಂದೇ, ಲಿಪಿಗೆ ತಕ್ಕಂತೆ ಅದರ ಹೊರರೂಪ ಬೇರೆಯಾಗುತ್ತದೆ. ಇಂಗ್ಲಿಷಿನಲ್ಲಿ ತಪ್ಪುಗಳಾಗಿ ಕಾಣುವುದು ಇಟಾಲಿಯನ್ನಿನಂಥ ಭಾಷೆಗಳಲ್ಲಿ ಹೆಚ್ಚಾಗಿ ನಿಧಾನವಾಗಿ ಕಾಣುತ್ತದೆ.

ಕನ್ನಡವೂ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆಯೇ. ಆದರೆ ಕಲಿಯಬೇಕಾದ ಗುರುತುಗಳು ಬಹಳ. ವರ್ಣಮಾಲೆಯಲ್ಲಿ ೪೯ ಅಕ್ಷರಗಳು. ೩೪ ವ್ಯಂಜನಗಳ ಕಾಗುಣಿತವನ್ನು ಸೇರಿಸಿದರೆ ರೂಪಗಳು ನಾನೂರನ್ನು ಮೀರುತ್ತವೆ. ಅದರ ಮೇಲೆ ಒತ್ತಕ್ಷರಗಳು. ‘ದ’, ‘ಧ’, ‘ಥ’ಗಳಿಗಿರುವ ಭೇದ ಒಂದು ಸಣ್ಣ ಸೀಳು, ಒಂದು ಚುಕ್ಕೆ. ‘ಸೂರ್ಯ’ ಎನ್ನುವಾಗ ಕಿವಿಗೆ ‘ರ್’ ಮೊದಲು, ‘ಯ’ ಆಮೇಲೆ. ಬರೆಯುವಾಗ ‘ಯ’ ಮೊದಲು, ಅರ್ಕಾವೊತ್ತು ಆಮೇಲೆ. ‘ಸ್ಥಿತಿ’ ಎಂಬಲ್ಲಿ ‘ಥ’ಕಾರದ ತರುವಾಯ ಕೇಳಿಸುವ ‘ಇ’ಕಾರದ ಗುರುತು ‘ಸ’ಕಾರದ ತಲೆಯ ಮೇಲೆ ಕುಳಿತಿರುತ್ತದೆ. ಬಲ್ಲವರಿಗೆ ಇದು ಕಾಣಿಸುವುದೇ ಇಲ್ಲ. ಧ್ವನಿಗಳ ಕ್ರಮವನ್ನು ಹಿಡಿಯಲು ಹೆಣಗುವ ಮಗುವಿಗೆ ಇದೊಂದು ದೊಡ್ಡ ಒಗಟು.

ಕನ್ನಡದ ಮಕ್ಕಳು ಅಕ್ಷರಜ್ಞಾನವನ್ನು ಪೂರ್ಣಗೊಳಿಸಲು ಇಂಗ್ಲಿಷಿನ ಮಕ್ಕಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತಾರೆ, ನಾಲ್ಕನೆಯ ತರಗತಿಯಲ್ಲಿಯೂ ಕಲಿಯುತ್ತಲೇ ಇರುತ್ತಾರೆ ಎಂದು ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಅವರೂ ಮಾರ್ಗರೆಟ್ ಸ್ನೋಲಿಂಗ್ ಅವರೂ ಸೇರಿ ಮುಂದೆ ನಡೆಸಿದ ಅಧ್ಯಯನದಲ್ಲಿ, ಕನ್ನಡ ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಮಾತಿನ ಧ್ವನಿಗಳನ್ನು ಬಿಡಿಸಿಕೊಳ್ಳುವುದರಲ್ಲಿಯೂ ತೊಡಕಿರುವುದು ಕಂಡುಬಂದಿತು. ಸೀಫರ್ಡಿನ ಪರ್ಸಿಗೆ ನಮ್ಮ ಹಳ್ಳಿಗಳಲ್ಲಿಯೂ ಒಡನಾಡಿಗಳಿದ್ದಾರೆಂದಾಯಿತು.

ನಮ್ಮ ತರಗತಿಗಳಲ್ಲಿ

ನಾವು ಭೌತವಿಜ್ಞಾನದ ಅಧ್ಯಾಪಕರು. ಈ ವಿಷಯಕ್ಕೆ ನಮ್ಮನ್ನು ಎಳೆದು ತಂದವನು ಒಬ್ಬ ವಿದ್ಯಾರ್ಥಿ. ಪ್ರಯೋಗಶಾಲೆಯಲ್ಲಿ ಅವನ ಕೈ ಬಹು ನಯವಾದುದು. ವರ್ನಿಯರ್ ಮಾಪಕವನ್ನು ಹಿಡಿದು ‘ಮೂರು ಬಿಂದು ನಾಲ್ಕು ಆರು’ ಎಂದು ಸರಿಯಾಗಿ ಹೇಳುತ್ತಿದ್ದನು; ಪುಸ್ತಕದಲ್ಲಿ ೩.೬೪ ಎಂದು ಬರೆಯುತ್ತಿದ್ದನು. ವಿವರಣೆಯ ವಾಕ್ಯಗಳಂತೂ ಅರ್ಧಕ್ಕೇ ನಿಂತಿರುತ್ತಿದ್ದವು. ಅಜಾಗರೂಕತೆಯೆಂದು ಒಂದು ವರ್ಷ ಪೂರ್ತಿ ಅವನ ಅಂಕಗಳನ್ನು ಕಡಿದೆವು. ಅವನು ಏನೂ ಹೇಳದೆ ತಲೆ ತಗ್ಗಿಸಿ ನಿಲ್ಲುತ್ತಿದ್ದನು. ಒಂದು ದಿನ ಅವನು ಹೇಳಿದಂತೆ ಜೊತೆಯ ಹುಡುಗನು ಬರೆದುಕೊಂಡಾಗ ಪ್ರಯೋಗದ ಫಲಿತಾಂಶವು ಇಡೀ ತಂಡದಲ್ಲಿ ಅತ್ಯಂತ ನಿಖರವಾಗಿ ಬಂದಿತು. ಆಮೇಲೆ ತಜ್ಞರು ಪರೀಕ್ಷಿಸಿ, ಅವನಿಗೆ ಬಾಲ್ಯದಿಂದಲೂ ಡಿಸ್ಲೆಕ್ಸಿಯವಿದೆಯೆಂದು ತಿಳಿಸಿದರು. ಮಾಪಕದಲ್ಲಿ ಶೂನ್ಯದೋಷವಿದ್ದರೆ ಅದನ್ನು ಅಳೆದು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಮಾಪಕವನ್ನು ಎಸೆಯಬಾರದು ಎಂದು ಪ್ರತಿವರ್ಷವೂ ಪಾಠ ಹೇಳುವ ನಮಗೆ ಈ ಸಾಮಾನ್ಯ ವಿವೇಕ ಹೊಳೆಯಲಿಲ್ಲವಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಂದಿಗೆ ಇಂಥ ತೊಡಕಿರುತ್ತದೆಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಎಲ್ಲಿ ಗೆರೆ ಎಳೆಯುತ್ತೇವೆಂಬುದರ ಮೇಲೆ ಈ ಸಂಖ್ಯೆ ಹೆಚ್ಚುಕಡಿಮೆಯಾಗುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರಾದರೂ ಇರಬಹುದೆಂದಾಯಿತು. ಹಾಗೆಂದು ಓದಿನಲ್ಲಿ ಹಿಂದುಳಿದವರಿಗೆಲ್ಲ ಈ ಹೆಸರನ್ನು ಅಂಟಿಸಬಾರದು. ಮೊದಲು ಕಣ್ಣನ್ನೂ ಕಿವಿಯನ್ನೂ ಪರೀಕ್ಷಿಸಬೇಕು. ಮಗು ಶಾಲೆಗೆ ಸರಿಯಾಗಿ ಬಂದಿದೆಯೇ, ಮನೆಮಾತು ಬೇರೆಯೇ, ಪಾಠವೇ ಸರಿಯಾಗಿ ನಡೆದಿಲ್ಲವೇ ಎಂದು ವಿಚಾರಿಸಬೇಕು. ಇವೆಲ್ಲ ಸರಿಯಿದ್ದು, ಒಳ್ಳೆಯ ಪಾಠ ದೊರೆತ ಮೇಲೂ ತೊಡಕು ಉಳಿದರೆ, ಮನೆಯಲ್ಲಿ ಬೇರೆಯವರಿಗೂ ಹೀಗೆಯೇ ಇದ್ದಿತೆಂದು ತಿಳಿದುಬಂದರೆ, ತಜ್ಞರಲ್ಲಿಗೆ ಕರೆದೊಯ್ಯಬೇಕು. ಇದು ವಂಶದಲ್ಲಿ ಸಾಗಿಬರುವುದುಂಟು.

ತಜ್ಞರು ದೊರೆಯುವ ತನಕ ಉಪಾಧ್ಯಾಯರು ಕೈಕಟ್ಟಿ ಕೂರಬೇಕಾಗಿಲ್ಲ. ‘ನವಿಲು’ ಎಂಬಲ್ಲಿ ‘ನ’ ಬಿಟ್ಟರೆ ಏನುಳಿಯಿತು, ‘ಮರ’ದ ಮೊದಲಿಗೆ ‘ಮ್’ ಬದಲು ‘ಬ್’ ಇಟ್ಟರೆ ಏನಾಯಿತು ಎಂಬ ಬಾಯಿಯಾಟಗಳಿಗೆ ಖರ್ಚಿಲ್ಲ. ಹೋಲುವ ಅಕ್ಷರಗಳನ್ನು ದೂರದೂರ ಇಟ್ಟು ಕಲಿಸಬಹುದು. ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ ಗಟ್ಟಿಯಾಗಿ ಉಚ್ಚರಿಸುವುದು ನಮ್ಮ ನಾಡಿಗೆ ಹೊಸದೇನಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬವರು ಮರಳಿನಲ್ಲಿ ಬರೆಯುವ ಮಕ್ಕಳನ್ನು ಕಂಡೇ ಆ ರೂಢಿಯನ್ನು ತಮ್ಮ ಶಾಲೆಗೆ ತಂದರು. ಹಳೆಯ ಮಠದ ಮರಳನ್ನು ಉಳಿಸಿಕೊಂಡು ಬೆತ್ತವನ್ನು ಬಿಟ್ಟರಾಯಿತು. ಎಲ್ಲರೆದುರು ಎದ್ದು ನಿಂತು ಓದೆಂದು ಬಲವಂತ ಮಾಡದಿರುವುದು, ತಿಳಿದದ್ದನ್ನು ಬಾಯಲ್ಲಿ ಹೇಳಲು ಅವಕಾಶ ಕೊಡುವುದು, ಕರಿಹಲಗೆಯಿಂದ ಬರೆದುಕೊಳ್ಳಲು ಇನ್ನೆರಡು ನಿಮಿಷ ಕಾಯುವುದು, ಇವಕ್ಕೆ ಯಾವ ತರಬೇತಿಯೂ ಬೇಡ.

ಕಾನೂನೂ ಈಗ ಮಗುವಿನ ಪಕ್ಷದಲ್ಲಿದೆ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಹೆಸರಿಸಿರುವ ೨೧ ಬಗೆಯ ನ್ಯೂನತೆಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯೂ ಒಂದು. ಅದನ್ನು ಆದಷ್ಟು ಬೇಗನೆ ಗುರುತಿಸಿ ತಕ್ಕ ಬೋಧನೆಯನ್ನು ಒದಗಿಸಬೇಕೆಂದೂ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮೊದಲಾದ ಅನುಕೂಲಗಳನ್ನು ಮಾಡಿಕೊಡಬೇಕೆಂದೂ ಅದು ವಿಧಿಸುತ್ತದೆ. ಇವು ದಾಕ್ಷಿಣ್ಯಕ್ಕೆ ಕೊಡುವ ಅಂಕಗಳಲ್ಲ. ಮಗು ಬಲ್ಲುದನ್ನು ಅಳೆಯುವುದಕ್ಕೆ ಹೊರಟ ನಾವು ಅದರ ಬರವಣಿಗೆಯ ವೇಗವನ್ನು ಮಾತ್ರ ಅಳೆದು ಬರದಿರಲೆಂದು ಮಾಡಿದ ತಿದ್ದುಪಡಿಗಳು.

ಡಿಸ್ಲೆಕ್ಸಿಯವು ವಾಸಿಯಾಗಿ ಹೋಗುವ ಕಾಯಿಲೆಯಲ್ಲ. ದೊಡ್ಡವರಾದ ಮೇಲೂ ಅಂಥವರ ಓದು ನಿಧಾನವಾಗಿಯೇ ಇರಬಹುದು. ಆದರೆ ನಿಧಾನವಾಗಿ ಓದಬಲ್ಲ ಮನುಷ್ಯನಿಗೂ, ತಾನು ದಡ್ಡನೆಂದು ಹತ್ತನೆಯ ವಯಸ್ಸಿನಲ್ಲಿಯೇ ಪುಸ್ತಕವನ್ನು ಮುಚ್ಚಿಟ್ಟ ಮನುಷ್ಯನಿಗೂ ಅಂತರ ಬಹಳ. ಆ ಅಂತರವು ಬಹುಪಾಲು ಉಪಾಧ್ಯಾಯರ ಕೈಯಲ್ಲಿದೆ. ಮುಂದಿನ ಸಲ ತಪ್ಪುಗಳಿಂದ ತುಂಬಿದ ಪುಸ್ತಕವೊಂದು ನಮ್ಮ ಮೇಜಿನ ಮೇಲೆ ಬಂದಾಗ, ಕೆಂಪು ಶಾಯಿಯನ್ನು ತೆಗೆಯುವ ಮೊದಲು ಆ ಮಗುವನ್ನು ಹತ್ತಿರ ಕರೆದು, ‘ಇದನ್ನು ಬಾಯಲ್ಲಿ ಹೇಳು ನೋಡೋಣ’ ಎಂದು ಕೇಳೋಣ.